ಅಮೆರಿಕದಲ್ಲಿ ಕಡಿಮೆ ಆದಾಯದಲ್ಲಿ ದುಡಿಯುವ ಕನ್ನಡಿಗರಿಗೆ ಇಐಟಿಸಿ: ಪದೇ ಪದೇ ಕೇಳುವ ಪ್ರಶ್ನೆಗಳು

ಫೆಬ್ರವರಿ ಬಂತೆಂದರೆ ನನ್ನ ಶನಿವಾರಗಳೆಲ್ಲ ನಮ್ಮೂರಿನ ಪಬ್ಲಿಕ್ ಲೈಬ್ರರಿಯಲ್ಲೇ ಕಳೆಯುತ್ತವೆ. ಒಂದು ಮೇಜು, ಒಂದು ಲ್ಯಾಪ್‌ಟಾಪ್, ಎದುರಿಗೆ ಎರಡು ಕುರ್ಚಿ. ಕಡಿಮೆ ಆದಾಯದವರ ಟ್ಯಾಕ್ಸ್ ರಿಟರ್ನನ್ನು ಪುಕ್ಕಟೆಯಾಗಿ ತುಂಬಿಕೊಡುವ ‘ವೀಟಾ’ ಯೋಜನೆಯಲ್ಲಿ ನಾನು ಸ್ವಯಂಸೇವಕ. ಕನ್ನಡದವರು ಯಾರಾದರೂ ಬಂದರೆ ನನ್ನ ಮೇಜಿಗೇ ಕಳಿಸುತ್ತಾರೆ.

ಅಮೆರಿಕದಲ್ಲಿರುವ ಕನ್ನಡಿಗರೆಲ್ಲ ಸಾಫ್ಟ್‌ವೇರ್‌ನವರು ಅಂತ ಊರಲ್ಲಿ ಅಂದುಕೊಂಡಿರುತ್ತಾರೆ. ನನ್ನ ಎದುರು ಕೂರುವವರು ಬೇರೆ. ಗ್ಯಾಸ್ ಸ್ಟೇಷನ್‌ನಲ್ಲಿ ರಾತ್ರಿ ಪಾಳಿ ಮಾಡುವವರು. ಹೋಟೆಲಿನ ಅಡುಗೆಮನೆಯಲ್ಲಿ ದೋಸೆ ಹುಯ್ಯುವವರು. ಅಣ್ಣನೋ ಅಕ್ಕನೋ ಅರ್ಜಿ ಹಾಕಿ, ಹತ್ತು ಹದಿನೈದು ವರ್ಷ ಕಾದು, ಐವತ್ತರ ಹತ್ತಿರ ಗ್ರೀನ್ ಕಾರ್ಡ್ ಮೇಲೆ ಬಂದವರು. ಮಾರ್ಚಿನಲ್ಲಿ ಕೆಲಸ ಹೋಗಿ ಡಿಸೆಂಬರ್‌ವರೆಗೆ ಊಬರ್ ಓಡಿಸಿದವರು. ಇವರಲ್ಲಿ ಎಷ್ಟೋ ಜನರಿಗೆ ಇಐಟಿಸಿ ಅನ್ನೋದು ಒಂದಿದೆ ಅಂತಲೇ ಗೊತ್ತಿರುವುದಿಲ್ಲ. ಗೊತ್ತಿದ್ದವರು ಕೇಳಲು ಸಂಕೋಚ ಪಡುತ್ತಾರೆ. ಅವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಜೋಡಿಸಿದ್ದೇನೆ. ಅಂಕಿಗಳೆಲ್ಲ 2025ರ ಆದಾಯಕ್ಕೆ, ಅಂದರೆ 2026ರಲ್ಲಿ ಸಲ್ಲಿಸುವ ರಿಟರ್ನಿಗೆ ಸಂಬಂಧಿಸಿದ್ದು.

ಇಐಟಿಸಿ ಅಂದರೆ ಏನು?

ದುಡಿದು ಗಳಿಸಿದ ಆದಾಯಕ್ಕೆ ಕೊಡುವ ತೆರಿಗೆ ಕ್ರೆಡಿಟ್. ಪೂರ್ತಿ ಹೆಸರು ಅರ್ನ್ಡ್ ಇನ್‌ಕಮ್ ಟ್ಯಾಕ್ಸ್ ಕ್ರೆಡಿಟ್. 1975ರಲ್ಲಿ, ಜೆರಾಲ್ಡ್ ಫೋರ್ಡ್ ಅಧ್ಯಕ್ಷರಾಗಿದ್ದಾಗ ಜಾರಿಗೆ ಬಂತು.

ನಮ್ಮ ಕಡೆಯ ಆದಾಯ ತೆರಿಗೆಯ 87ಎ ರಿಬೇಟ್ ಗೊತ್ತಿದ್ದರೆ ಇದು ಬೇಗ ಅರ್ಥವಾಗುತ್ತದೆ. 87ಎ ನಿಮ್ಮ ತೆರಿಗೆಯನ್ನು ಸೊನ್ನೆಗೆ ಇಳಿಸಿ ಅಲ್ಲಿಗೇ ನಿಂತುಬಿಡುತ್ತದೆ. ಇಐಟಿಸಿ ಸೊನ್ನೆಗೆ ನಿಲ್ಲುವುದಿಲ್ಲ. ನಿಮ್ಮ ತೆರಿಗೆ 300 ಡಾಲರ್, ಕ್ರೆಡಿಟ್ 3,000 ಡಾಲರ್ ಎಂದಿಟ್ಟುಕೊಳ್ಳಿ. ತೆರಿಗೆ ಕಳೆದು ಉಳಿದ 2,700 ಡಾಲರ್ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. ಸಂಬಳದಲ್ಲಿ ಒಂದು ಡಾಲರ್ ತೆರಿಗೆ ಹಿಡಿಯದಿದ್ದರೂ ಬರುತ್ತದೆ.

ನನಗೆ ಎಷ್ಟು ಸಿಗಬಹುದು?

ಮಕ್ಕಳು ಎಷ್ಟು, ಆದಾಯ ಎಷ್ಟು ಅನ್ನೋದರ ಮೇಲೆ ಹೋಗುತ್ತದೆ. ಮಕ್ಕಳಿಲ್ಲದವರಿಗೆ ಜಾಸ್ತಿ ಅಂದರೆ 649 ಡಾಲರ್. ಒಂದು ಮಗುವಿದ್ದರೆ 4,328, ಇಬ್ಬರಿದ್ದರೆ 7,152, ಮೂರು ಅಥವಾ ಜಾಸ್ತಿ ಮಕ್ಕಳಿದ್ದರೆ 8,046 ಡಾಲರ್.

ಎಲ್ಲರಿಗೂ ಪೂರ್ತಿ ಸಿಗುವುದಿಲ್ಲ. ಆದಾಯ ಏರಿದಂತೆ ಮೊದಲು ಕ್ರೆಡಿಟ್ ಏರುತ್ತದೆ, ಸ್ವಲ್ಪ ದೂರ ಸಮವಾಗಿ ಹೋಗುತ್ತದೆ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಮನೆಯ ಆದಾಯ 42,000 ಡಾಲರ್ ಇದೆ, ಗಂಡ ಹೆಂಡತಿ ಒಟ್ಟಿಗೆ ರಿಟರ್ನ್ ಹಾಕುತ್ತಾರೆ, ಇಬ್ಬರು ಮಕ್ಕಳು. ಇವರಿಗೆ ಸುಮಾರು 4,700 ಡಾಲರ್ ಬರುತ್ತದೆ. ಎಷ್ಟೋ ಮನೆಗಳಲ್ಲಿ ಅದು ಎರಡು ಮೂರು ತಿಂಗಳ ಬಾಡಿಗೆ.

ಒಟ್ಟಿಗೆ ರಿಟರ್ನ್ ಹಾಕುವ ದಂಪತಿಗೆ ಆದಾಯದ ಮಿತಿ ಹೀಗಿದೆ: ಮಕ್ಕಳಿಲ್ಲದಿದ್ದರೆ 26,214, ಒಂದು ಮಗುವಿದ್ದರೆ 57,554, ಇಬ್ಬರಿದ್ದರೆ 64,430, ಮೂವರು ಅಥವಾ ಜಾಸ್ತಿ ಇದ್ದರೆ 68,675 ಡಾಲರ್. ಒಬ್ಬರೇ ಇರುವವರಿಗೆ ಕ್ರಮವಾಗಿ 19,104, 50,434, 57,310 ಮತ್ತು 61,555. ಅಂಕಿಗಳು ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಏರುತ್ತವೆ. ಹೋದ ವರ್ಷ ಸಿಗಲಿಲ್ಲ ಅಂತ ಈ ವರ್ಷ ನೋಡದೆ ಬಿಡಬೇಡಿ.

ಮಕ್ಕಳಿಲ್ಲ. ಆದರೂ ಕೇಳಬಹುದಾ?

ಕೇಳಬಹುದು. ವರ್ಷದ ಕೊನೆಗೆ ನಿಮಗೆ 25 ತುಂಬಿರಬೇಕು, 65 ತುಂಬಿರಬಾರದು. ದಂಪತಿಯಾದರೆ ಒಬ್ಬರಿಗೆ ಈ ವಯಸ್ಸಿದ್ದರೆ ಸಾಕು. ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಅಮೆರಿಕದಲ್ಲಿ ಇದ್ದಿರಬೇಕು.

ನಾನು ಸಿಟಿಜನ್ ಅಲ್ಲ. ವೀಸಾದಲ್ಲಿ ಇರುವವರಿಗೂ ಸಿಗುತ್ತದಾ?

2025ರ ಆದಾಯಕ್ಕೆ ವೀಸಾದ ಹೆಸರಿಗಿಂತ ಎರಡು ವಿಷಯ ಮುಖ್ಯ. ಒಂದು, ತೆರಿಗೆ ಲೆಕ್ಕದಲ್ಲಿ ನೀವು ವರ್ಷಪೂರ್ತಿ ರೆಸಿಡೆಂಟ್ ಆಗಿರಬೇಕು. ಎರಡು, ಕೆಲಸಕ್ಕೆ ನಡೆಯುವ ಸೋಶಿಯಲ್ ಸೆಕ್ಯೂರಿಟಿ ನಂಬರ್ (ಎಸ್‌ಎಸ್‌ಎನ್) ಇರಬೇಕು.

ಗ್ರೀನ್ ಕಾರ್ಡ್ ಇದ್ದವರು ರೆಸಿಡೆಂಟ್. ಎಚ್-1ಬಿಯಲ್ಲಿ ಒಂದೆರಡು ವರ್ಷದಿಂದ ಇಲ್ಲೇ ಇರುವವರೂ ಸಾಮಾನ್ಯವಾಗಿ ದಿನಗಳ ಲೆಕ್ಕದಲ್ಲಿ ರೆಸಿಡೆಂಟ್ ಆಗುತ್ತಾರೆ. ಎಫ್-1 ವಿದ್ಯಾರ್ಥಿಗಳು ಮೊದಲ ಐದು ಕ್ಯಾಲೆಂಡರ್ ವರ್ಷ ನಾನ್‌ರೆಸಿಡೆಂಟ್. ವಿದ್ಯಾರ್ಥಿ ವೀಸಾದ ಮೇಲೆ ಸಿಗುವ ತಾತ್ಕಾಲಿಕ ಕೆಲಸದ ಅನುಮತಿಯಾದ ಒಪಿಟಿಯಲ್ಲಿ ಕೆಲಸ ಮಾಡುತ್ತಿದ್ದರೂ ಅಷ್ಟೇ. ಅವರು ಹಾಕುವುದು ನಾನ್‌ರೆಸಿಡೆಂಟ್‌ಗಳ ರಿಟರ್ನ್ ಫಾರ್ಮ್ ಆದ 1040-ಎನ್‌ಆರ್, ಅದರಲ್ಲಿ ಇಐಟಿಸಿ ಇಲ್ಲ.

ಆಗಸ್ಟಿನಲ್ಲೋ ಅಕ್ಟೋಬರಿನಲ್ಲೋ ಮಕ್ಕಳ ಸಮೇತ ಗ್ರೀನ್ ಕಾರ್ಡ್ ಮೇಲೆ ಬಂದಿಳಿದಿದ್ದರೆ ಆ ವರ್ಷ ಮಕ್ಕಳ ಲೆಕ್ಕದ ಕ್ರೆಡಿಟ್ ಸಿಗುವುದಿಲ್ಲ. ಮಕ್ಕಳು ಇಲ್ಲಿ ಅರ್ಧ ವರ್ಷ ಇದ್ದಂತಾಗಲಿಲ್ಲವಲ್ಲ. ಮುಂದಿನ ವರ್ಷ ಮರೆಯದೆ ಕೇಳಿ.

ಎಚ್-1ಬಿಯಂಥ ವೀಸಾಗಳಲ್ಲಿ ಇರುವವರು ಇದನ್ನು ಗಮನಿಸಬೇಕು. ಅಮೆರಿಕದ ಖಜಾನೆ ಇಲಾಖೆ 2025ರ ನವೆಂಬರಿನಲ್ಲಿ ಒಂದು ಪ್ರಕಟಣೆ ಹೊರಡಿಸಿತು. ವಲಸೆ ಕಾನೂನಿನ ಅರ್ಥದಲ್ಲಿ ‘ಅರ್ಹ’ ಅನ್ನಿಸಿಕೊಳ್ಳದ ವಿದೇಶಿಯರಿಗೆ ಇಐಟಿಸಿಯ ಹಣ ಕೈಗೆ ಸಿಗದಂತೆ ನಿಯಮ ತರುತ್ತೇವೆ, 2026ರ ತೆರಿಗೆ ವರ್ಷದಿಂದ ಅನ್ವಯಿಸುವ ಇರಾದೆ ಇದೆ ಎಂದು ಹೇಳಿತು. ಗ್ರೀನ್ ಕಾರ್ಡ್‌ನವರು ಅರ್ಹರ ಪಟ್ಟಿಯಲ್ಲಿದ್ದಾರೆ, ಎಚ್-1ಬಿಯವರು ಇಲ್ಲ. ಹಾಗಾಗಿ 2026ರ ಆದಾಯದ ರಿಟರ್ನ್ ತುಂಬುವಾಗ ಆಗಿನ ನಿಯಮ ನೋಡಿಯೇ ಮುಂದುವರಿಯಿರಿ.

ಹೆಂಡತಿಗೆ ಐಟಿನ್ ಇದೆ, ಎಸ್‌ಎಸ್‌ಎನ್ ಇಲ್ಲ. ತೊಂದರೆ ಇದೆಯಾ?

ಇದೆ. ಐಟಿನ್ ಅಂದರೆ ಎಸ್‌ಎಸ್‌ಎನ್ ಸಿಗದವರಿಗೆ ತೆರಿಗೆ ಲೆಕ್ಕಕ್ಕೆಂದು ಕೊಡುವ ನಂಬರ್. ಜಾಸ್ತಿ ಜನ ಎಡವುವುದೇ ಇಲ್ಲಿ. ಒಟ್ಟಿಗೆ ರಿಟರ್ನ್ ಹಾಕುವಾಗ ಇಬ್ಬರಿಗೂ ಎಸ್‌ಎಸ್‌ಎನ್ ಇರಲೇಬೇಕು. ಒಬ್ಬರಿಗೆ ಐಟಿನ್ ಇದ್ದರೂ ಇಡೀ ಮನೆಗೆ ಕ್ರೆಡಿಟ್ ಇಲ್ಲ. ಇಲ್ಲೇ ಹುಟ್ಟಿದ ಮಗುವಿಗೆ ಎಸ್‌ಎಸ್‌ಎನ್ ಇದ್ದರೂ ಇಲ್ಲ.

ಎಚ್-4 ಇಎಡಿ ಅಥವಾ ಎಲ್-2 ಇದ್ದು ಕೆಲಸಕ್ಕೆ ಅನುಮತಿ ಇರುವವರು, ಕೆಲಸ ಹುಡುಕದಿದ್ದರೂ, ಎಸ್‌ಎಸ್‌ಎನ್ ಮಾಡಿಸಿಕೊಳ್ಳಿ. ರಿಟರ್ನಿನ ಕೊನೆಯ ದಿನದೊಳಗೆ ನಂಬರ್ ಕೈಗೆ ಬಂದಿರಬೇಕು. ಎಕ್ಸ್‌ಟೆನ್ಷನ್ ತೆಗೆದುಕೊಂಡಿದ್ದರೆ ಆ ದಿನದೊಳಗೆ. ಆಮೇಲೆ ನಂಬರ್ ಬಂತು ಅಂತ ಹಳೆಯ ವರ್ಷಗಳಿಗೆ ಹೋಗಿ ಕೇಳಲು ಬರುವುದಿಲ್ಲ.

ಮಕ್ಕಳಲ್ಲಿ ಒಬ್ಬರಿಗೆ ಎಸ್‌ಎಸ್‌ಎನ್, ಇನ್ನೊಬ್ಬರಿಗೆ ಐಟಿನ್ ಇದ್ದರೆ ಎಸ್‌ಎಸ್‌ಎನ್ ಇರುವ ಮಗು ಮಾತ್ರ ಲೆಕ್ಕಕ್ಕೆ.

ಕಾರ್ಡಿನ ಮೇಲೆ ಏನೋ ಬರೆದಿದೆ. ನಡೆಯುತ್ತದಾ?

ಹೋದ ವರ್ಷ ಹಾಸನದ ಕಡೆಯವರೊಬ್ಬರು ಬಂದಿದ್ದರು. ಎಲ್ಲ ಕಾಗದವನ್ನೂ ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟು ತಂದಿದ್ದರು. ಸೋಶಿಯಲ್ ಸೆಕ್ಯೂರಿಟಿ ಕಾರ್ಡ್ ತೆಗೆದು, ಮೇಲಿನ ಸಾಲಿಗೆ ಬೆರಳಿಟ್ಟು, “ಇದು ಹೀಗಿದೆ ಸಾರ್, ಹಾಗಾಗಿ ನಮಗೆ ಬರಲ್ಲ ಅಂತ ಗೊತ್ತು” ಅಂದರು. ಅದರಲ್ಲಿ ‘ವ್ಯಾಲಿಡ್ ಫಾರ್ ವರ್ಕ್ ಓನ್ಲಿ ವಿತ್ ಡಿಎಚ್‌ಎಸ್ ಆಥರೈಸೇಶನ್’ ಎಂದಿತ್ತು. ಆ ಸಾಲಿದ್ದರೆ ಏನೂ ತೊಂದರೆ ಇಲ್ಲ. ಕೆಲಸದ ಅನುಮತಿ ಚಾಲ್ತಿಯಲ್ಲಿದ್ದರೆ ಸಾಕು. ಅವರಿಗೆ ಆಗಲೇ ಗ್ರೀನ್ ಕಾರ್ಡ್ ಬಂದಿತ್ತು. ಎರಡು ವರ್ಷ ಸುಮ್ನೆ ಬಿಟ್ಟುಬಿಟ್ಟಿದ್ದರು.

‘ನಾಟ್ ವ್ಯಾಲಿಡ್ ಫಾರ್ ಎಂಪ್ಲಾಯ್‌ಮೆಂಟ್’ ಅಂತ ಇದ್ದರೆ ಬೇರೆ ವಿಷಯ. ಬರೀ ಸರ್ಕಾರಿ ಸೌಲಭ್ಯ ಪಡೆಯಲೆಂದು ಕೊಟ್ಟ ನಂಬರ್ ಅದಾಗಿದ್ದರೆ ನಡೆಯುವುದಿಲ್ಲ. ಆಮೇಲೆ ಗ್ರೀನ್ ಕಾರ್ಡ್ ಬಂದಿದ್ದರೆ ಸೋಶಿಯಲ್ ಸೆಕ್ಯೂರಿಟಿ ಆಫೀಸಿಗೆ ಹೋಗಿ ಆ ಸಾಲಿಲ್ಲದ ಹೊಸ ಕಾರ್ಡ್ ಮಾಡಿಸಿ.

ಹೆಸರಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮವರ ಹೆಸರಿನಲ್ಲಿ ಊರು ಇರುತ್ತದೆ, ಅಪ್ಪನ ಹೆಸರು ಇರುತ್ತದೆ, ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದು ಥರ, ಕಂಪನಿ ಕೊಡುವ ವರ್ಷದ ಸಂಬಳದ ಫಾರ್ಮ್ ಡಬ್ಲ್ಯು-2ದಲ್ಲಿ ಇನ್ನೊಂದು ಥರ. ಒಂದೇ ಹೆಸರಿದ್ದವರಿಗೆ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್) ಅಂತ ಅಂಟಿಸಿರುತ್ತಾರೆ. ರಿಟರ್ನಿನಲ್ಲಿ ಸೋಶಿಯಲ್ ಸೆಕ್ಯೂರಿಟಿ ಕಾರ್ಡಿನಲ್ಲಿ ಇರುವಂತೆಯೇ ಬರೆಯಿರಿ. ಹೆಸರು ನಂಬರಿಗೆ ಹೊಂದದಿದ್ದರೆ ರಿಟರ್ನ್ ವಾಪಸ್ ಬರಬಹುದು, ಕ್ರೆಡಿಟ್ ತಡವಾಗಬಹುದು.

ಯಾವ ಮಕ್ಕಳು ಲೆಕ್ಕಕ್ಕೆ ಬರುತ್ತಾರೆ?

ಸ್ವಂತ ಮಕ್ಕಳು, ದತ್ತು ಮಕ್ಕಳು, ಮಲಮಕ್ಕಳು, ಮೊಮ್ಮಕ್ಕಳು. ತಮ್ಮ ತಂಗಿ, ಅವರ ಮಕ್ಕಳು ಕೂಡ. ವಯಸ್ಸು 19ಕ್ಕಿಂತ ಕಡಿಮೆ ಇರಬೇಕು. ಪೂರ್ಣಾವಧಿ ಓದುತ್ತಿದ್ದರೆ 24ಕ್ಕಿಂತ ಕಡಿಮೆ. ಮಗುವಿಗೆ ಶಾಶ್ವತ, ಪೂರ್ಣ ಅಂಗವೈಕಲ್ಯ ಇದ್ದರೆ ವಯಸ್ಸಿನ ಮಿತಿ ಇಲ್ಲ. ಇದು ಎಷ್ಟೋ ತಂದೆತಾಯಿಗೆ ಗೊತ್ತಿಲ್ಲ. ಮೂವತ್ತು ದಾಟಿದ ಮಗನನ್ನು ಮನೆಯಲ್ಲೇ ನೋಡಿಕೊಳ್ಳುತ್ತಿರುವವರೂ ಇದನ್ನು ಕೇಳಬಹುದು.

ಇವೆಲ್ಲದರ ಜೊತೆಗೆ ಮಗು ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಲ ಅಮೆರಿಕದಲ್ಲಿ ನಿಮ್ಮ ಜೊತೆ ಇದ್ದಿರಬೇಕು.

ಮಗಳು ಮೈಸೂರಿನಲ್ಲಿ ಅಜ್ಜಿ ಮನೆಯಲ್ಲಿದ್ದಾಳೆ. ದುಡ್ಡು ಕಳಿಸುವುದು ನಾವೇ.

ಬೇಸಿಗೆ ರಜೆಗೆ ಹೋಗಿ ಬಂದರೆ ಅದು ನಿಮ್ಮ ಜೊತೆ ಇದ್ದಂತೆಯೇ ಲೆಕ್ಕ. ಆದರೆ ಇಬ್ಬರೂ ಕೆಲಸಕ್ಕೆ ಹೋಗಬೇಕು, ಡೇಕೇರ್ ಕೈಗೆಟುಕುವುದಿಲ್ಲ ಅಂತ ಕೂಸನ್ನು ವರ್ಷಗಟ್ಟಲೆ ಅಜ್ಜಿಯ ಹತ್ತಿರ ಬಿಟ್ಟಿದ್ದರೆ ಆ ವರ್ಷ ಮಗುವನ್ನು ತೋರಿಸಬೇಡಿ. ದುಡ್ಡು ಕಳಿಸುವುದು ಇಲ್ಲಿ ಲೆಕ್ಕಕ್ಕಿಲ್ಲ, ಜೊತೆಗಿರುವುದು ಲೆಕ್ಕ. ಹೀಗೆ ಮಗುವನ್ನು ಬಿಟ್ಟು ಬಂದವರ ಹತ್ತಿರ ಇದನ್ನು ಹೇಳುವುದು ನನಗೂ ಕಷ್ಟ. ಆದರೂ ಹೇಳಲೇಬೇಕು. ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ವಿಚಾರಿಸಿದಾಗ ಕೇಳುವುದು ಶಾಲೆಯ ದಾಖಲೆ, ಡಾಕ್ಟರ ದಾಖಲೆ. ಅವು ನಿಮ್ಮ ಹತ್ತಿರ ಇರುವುದಿಲ್ಲ.

ಊರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡಿದ್ದೇನೆ. ಅವರನ್ನು ಸೇರಿಸಬಹುದಾ?

ಇಲ್ಲ. ಇಐಟಿಸಿಗೆ ತಂದೆತಾಯಿ ಲೆಕ್ಕವಿಲ್ಲ.

ಏಪ್ರಿಲಿನಲ್ಲಿ ಲೇಆಫ್ ಆಯಿತು. ನನ್ನಂಥವರಿಗೂ ಇದಾ?

ಹೌದು, ನಿಮ್ಮಂಥವರಿಗೂ. ಕಾನೂನು ನೋಡುವುದು ಆ ವರ್ಷದ ಆದಾಯವನ್ನು. ಹಿಂದಿನ ವರ್ಷ ಎಷ್ಟು ಸಂಬಳ ಇತ್ತು ಅಂತ ಕೇಳುವುದಿಲ್ಲ.

ನಾಲ್ಕು ತಿಂಗಳ ಸಂಬಳ 38,000 ಡಾಲರ್, ಆಮೇಲೆ ಬಂದ ನಿರುದ್ಯೋಗ ಭತ್ಯೆ 12,000 ಡಾಲರ್ ಎಂದುಕೊಳ್ಳಿ. ಒಟ್ಟು 50,000. ಹೆಂಡತಿ, ಇಬ್ಬರು ಮಕ್ಕಳು, ಎಲ್ಲರಿಗೂ ಎಸ್‌ಎಸ್‌ಎನ್ ಇದೆ. ಸುಮಾರು 3,000 ಡಾಲರ್ ಬರುತ್ತದೆ. ನಿರುದ್ಯೋಗ ಭತ್ಯೆ ‘ದುಡಿದ ಆದಾಯ’ ಅಲ್ಲ, ಆದರೆ ಮಿತಿ ನೋಡುವಾಗ ಅದೂ ಸೇರುತ್ತದೆ. ಬರೀ ಭತ್ಯೆ ಇದ್ದು ಸಂಬಳವೇ ಇಲ್ಲದ ವರ್ಷ ಕ್ರೆಡಿಟ್ ಇಲ್ಲ.

ಒಂದು ಕಡೆ ಮಾತ್ರ ಹುಷಾರಾಗಿರಿ. ಮನೆ ಖರ್ಚಿಗೆಂದು ಕಂಪನಿ ಷೇರು ಮಾರಿದ್ದೀರಾ? ಷೇರಿನ ಲಾಭ, ಬಡ್ಡಿ, ಡಿವಿಡೆಂಡ್, ಮನೆ ಬಾಡಿಗೆಯ ನಿವ್ವಳ ಆದಾಯ ಎಲ್ಲ ಸೇರಿ 11,950 ಡಾಲರ್ ದಾಟಬಾರದು. ಇಲ್ಲಿ ನಿಧಾನಕ್ಕೆ ಇಳಿಯುವುದೆಲ್ಲ ಇಲ್ಲ. ಒಂದು ಡಾಲರ್ ದಾಟಿದರೂ ಪೂರ್ತಿ ಕ್ರೆಡಿಟ್ ಹೋಗುತ್ತದೆ. ಡಿಸೆಂಬರಿನಲ್ಲಿ ಮಾರುವ ಬದಲು ಜನವರಿಯಲ್ಲಿ ಮಾರಿದ್ದರೆ ಉಳಿಯುತ್ತಿತ್ತು ಅನ್ನುವಂಥ ರಿಟರ್ನ್‌ಗಳನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಊರಿನ ಎಫ್‌ಡಿ ಬಡ್ಡಿ, ಬೆಂಗಳೂರಿನ ಮನೆ ಬಾಡಿಗೆ ಹೇಳಬೇಕಾ?

ಹೇಳಲೇಬೇಕು. ರೆಸಿಡೆಂಟ್ ಆದ ಮೇಲೆ ಜಗತ್ತಿನ ಎಲ್ಲಿಂದ ಬಂದ ಆದಾಯವೂ ಇಲ್ಲಿನ ರಿಟರ್ನಿಗೆ ಬರುತ್ತದೆ. ಎನ್‌ಆರ್‌ಇ ಖಾತೆಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಹಾಗಾಗಿ ಇಲ್ಲೂ ಇಲ್ಲ ಅಂದುಕೊಂಡಿರುತ್ತಾರೆ. ತಪ್ಪು, ಇಲ್ಲಿ ತೆರಿಗೆ ಇದೆ. ಮೇಲೆ ಹೇಳಿದ 11,950ರ ಲೆಕ್ಕಕ್ಕೂ ಅದು ಸೇರುತ್ತದೆ.

ಡೋರ್‌ಡ್ಯಾಶ್, ಊಬರ್ ಓಡಿಸುತ್ತೇನೆ. ಡಬ್ಲ್ಯು-2 ಇಲ್ಲ.

ಸ್ವಂತ ದುಡಿಮೆಯೂ ದುಡಿಮೆಯೇ. ಖರ್ಚು ಕಳೆದು ಉಳಿದ ನಿವ್ವಳ ಆದಾಯ ಲೆಕ್ಕಕ್ಕೆ ಬರುತ್ತದೆ. ಅದು 400 ಡಾಲರ್ ಮುಟ್ಟಿದರೆ ರಿಟರ್ನ್ ಹಾಕಲೇಬೇಕು, ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸ್ ಕಟ್ಟಬೇಕು. ಓಡಿಸಿದ ಮೈಲಿಗಳನ್ನು ದಿನದಿನವೂ ಬರೆದಿಡಿ. 2025ಕ್ಕೆ ಮೈಲಿಗೆ 70 ಸೆಂಟ್ ಖರ್ಚು ತೋರಿಸಬಹುದು. ಕ್ರೆಡಿಟ್ ಜಾಸ್ತಿ ಬರಲಿ ಅಂತ ಖರ್ಚು ಮುಚ್ಚಿಟ್ಟು ಆದಾಯ ಜಾಸ್ತಿ ತೋರಿಸುವುದು ತಪ್ಪು. ಉಲ್ಟಾ ಮಾಡುವುದೂ ತಪ್ಪು. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ.

ಇದನ್ನು ತಗೊಂಡರೆ ಭಿಕ್ಷೆ ಬೇಡಿದ ಹಾಗಲ್ವಾ?

ಅಲ್ಲ. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ದುಡಿಯದವರಿಗೆ ಇದು ಸಿಗುವುದೇ ಇಲ್ಲ. ನಿಮ್ಮ ಪ್ರತಿ ಪೇಚೆಕ್‌ನಲ್ಲಿ ಸೋಶಿಯಲ್ ಸೆಕ್ಯೂರಿಟಿ, ಮೆಡಿಕೇರ್ ಎಂದು 7.65 ಶೇಕಡಾ ಹಿಡಿಯುತ್ತಾರೆ. ಎಷ್ಟೇ ಬಡವರಾದರೂ ಬಿಡುವುದಿಲ್ಲ. ಕಡಿಮೆ ಸಂಬಳದವರ ಮೇಲೆ ಬೀಳುವ ಆ ಭಾರ ಇಳಿಸಬೇಕು ಅನ್ನೋದೇ ಈ ಕ್ರೆಡಿಟ್ ಶುರುವಾಗಲು ಒಂದು ಕಾರಣ. ಅರ್ಹರಾದ ಐವರಲ್ಲಿ ಒಬ್ಬರು ಇದನ್ನು ಕೇಳುವುದೇ ಇಲ್ಲ ಎಂದು ಐಆರ್‌ಎಸ್ ತಾನೇ ಹೇಳುತ್ತದೆ. ಕೇಳದಿದ್ದರೆ ಯಾರೂ ತಂದು ಕೊಡುವುದಿಲ್ಲ.

ಗ್ರೀನ್ ಕಾರ್ಡ್ ಅರ್ಜಿಗೆ ಕುತ್ತು ಬರುತ್ತದಾ?

ಸರ್ಕಾರದ ಮೇಲೆ ಹೊರೆಯಾಗುತ್ತೀರಾ ಎಂದು ನೋಡುವ ‘ಪಬ್ಲಿಕ್ ಚಾರ್ಜ್’ ಪರೀಕ್ಷೆಯ 2022ರ ನಿಯಮದಲ್ಲಿ ತೆರಿಗೆ ಕ್ರೆಡಿಟ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ವಲಸೆ ನಿಯಮಗಳು ಬದಲಾಗುತ್ತಿರುವ ಕಾಲ ಇದು. ಅರ್ಜಿ ನಡೆಯುತ್ತಿದ್ದರೆ ನಿಮ್ಮ ಲಾಯರನ್ನು ಒಂದು ಮಾತು ಕೇಳಿ. ಅರ್ಹತೆ ಇಲ್ಲದೆ ತೆಗೆದುಕೊಂಡರೆ ಮಾತ್ರ ಖಂಡಿತ ಕುತ್ತು.

ಗಂಡನಿಂದ ದೂರ ಇದ್ದೇನೆ. ಡೈವೋರ್ಸ್ ಇನ್ನೂ ಆಗಿಲ್ಲ.

ಮೊದಲು ಇಂಥವರಿಗೆ ದಾರಿ ತುಂಬ ಇಕ್ಕಟ್ಟಾಗಿತ್ತು. 2021ರಿಂದ ಸಡಿಲವಾಗಿದೆ. ಮಗು ಅರ್ಧ ವರ್ಷಕ್ಕಿಂತ ಜಾಸ್ತಿ ನಿಮ್ಮ ಜೊತೆ ಇದ್ದು, ವರ್ಷದ ಕೊನೆಯ ಆರು ತಿಂಗಳು ಗಂಡ ಬೇರೆ ಮನೆಯಲ್ಲಿದ್ದರೆ, ನೀವು ಬೇರೆಯಾಗಿ ರಿಟರ್ನ್ ಹಾಕಿಯೂ ಇಐಟಿಸಿ ಕೇಳಬಹುದು. ಅವರ ಸಹಿ ಬೇಡ, ಅವರ ಆದಾಯದ ವಿವರವೂ ಬೇಡ. ಗಂಡ “ಮಗುವನ್ನು ನಾನು ಹಾಕಿಕೊಳ್ಳುತ್ತೇನೆ” ಅಂದರೆ ಹೆದರಬೇಡಿ. ಇಐಟಿಸಿ ಸಲ್ಲುವುದು ಮಗು ಜಾಸ್ತಿ ದಿನ ಯಾರ ಜೊತೆ ಇತ್ತೋ ಅವರಿಗೆ. ಬೇರೆ ಕ್ರೆಡಿಟ್‌ಗಳನ್ನು ಕಾಗದದ ಮೇಲೆ ಬಿಟ್ಟುಕೊಡಬಹುದು, ಇದನ್ನು ಬಿಟ್ಟುಕೊಡಲು ಬರುವುದೇ ಇಲ್ಲ.

ರಾಜ್ಯದಿಂದಲೂ ಏನಾದರೂ ಇದೆಯಾ?

ನ್ಯೂಜೆರ್ಸಿ, ನ್ಯೂಯಾರ್ಕ್, ಇಲಿನಾಯ್, ಮ್ಯಾಸಚೂಸೆಟ್ಸ್ ಸೇರಿ ಅರ್ಧಕ್ಕಿಂತ ಜಾಸ್ತಿ ರಾಜ್ಯಗಳಲ್ಲಿ ಪ್ರತ್ಯೇಕ ಕ್ರೆಡಿಟ್ ಇದೆ. ಟೆಕ್ಸಾಸ್, ಫ್ಲೋರಿಡಾದಲ್ಲಿ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಐಟಿನ್ ಇದ್ದವರಿಗೂ ಕೊಡುತ್ತಾರೆ, ಆದಾಯ ಮಾತ್ರ ಸುಮಾರು 33 ಸಾವಿರ ಡಾಲರಿನೊಳಗೆ ಇರಬೇಕು. ವಾಷಿಂಗ್ಟನ್ ರಾಜ್ಯದಲ್ಲಿ ಆದಾಯ ತೆರಿಗೆಯೇ ಇಲ್ಲ, ಆದರೂ ಪ್ರತ್ಯೇಕ ಅರ್ಜಿ ಹಾಕಿದರೆ ಕ್ರೆಡಿಟ್ ಇದೆ. ಅಲ್ಲೂ ಐಟಿನ್ ನಡೆಯುತ್ತದೆ.

ಅರ್ಜಿ ಎಲ್ಲಿ ಹಾಕಬೇಕು?

ಬೇರೆ ಅರ್ಜಿ ಇಲ್ಲ. ಫಾರ್ಮ್ 1040 ತುಂಬಬೇಕು, ಮಕ್ಕಳಿದ್ದರೆ ಅದರ ಜೊತೆ ಶೆಡ್ಯೂಲ್ ಇಐಸಿ. ಆದಾಯ ತೀರ ಕಡಿಮೆ ಇದ್ದು ರಿಟರ್ನ್ ಹಾಕುವ ಅಗತ್ಯವೇ ಇಲ್ಲದಿದ್ದರೂ, ಈ ಹಣ ಬೇಕೆಂದರೆ ಹಾಕಬೇಕು.

ಹತ್ತಿರದ ವೀಟಾ ಕೇಂದ್ರ ಎಲ್ಲಿದೆ ಅಂತ ಐಆರ್‌ಎಸ್ ವೆಬ್‌ಸೈಟಿನಲ್ಲಿ ಪಿನ್‌ಕೋಡ್ ಹಾಕಿ ನೋಡಿ. ಅಲ್ಲಿ ಒಂದು ಸೆಂಟ್ ಖರ್ಚಾಗುವುದಿಲ್ಲ. ಬರುವಾಗ ಫೋಟೋ ಐಡಿ, ಮನೆಯವರೆಲ್ಲರ ಸೋಶಿಯಲ್ ಸೆಕ್ಯೂರಿಟಿ ಕಾರ್ಡ್, ಎಲ್ಲ ಡಬ್ಲ್ಯು-2 ಮತ್ತು 1099 (ಸಂಬಳವಲ್ಲದ ಬೇರೆ ಆದಾಯದ ಫಾರ್ಮ್), ಹಿಂದಿನ ವರ್ಷದ ರಿಟರ್ನ್, ಬ್ಯಾಂಕ್ ಖಾತೆಯ ನಂಬರ್ ತನ್ನಿ. ಒಟ್ಟಿಗೆ ಹಾಕುವುದಾದರೆ ಗಂಡ ಹೆಂಡತಿ ಇಬ್ಬರೂ ಬನ್ನಿ, ಇಬ್ಬರ ಸಹಿಯೂ ಬೇಕು.

“ಜಾಸ್ತಿ ರೀಫಂಡ್ ಕೊಡಿಸುತ್ತೇವೆ” ಅಂತ ಫೋನ್ ಬಂತು.

ಇಟ್ಟುಬಿಡಿ. ನಮ್ಮ ಭಾಷೆಯಲ್ಲೇ ಮಾತಾಡಿ, “ಸಾರ್, ನಿಮ್ಮ ಫ್ರೆಂಡ್‌ಗೂ ನಾವೇ ಮಾಡಿಕೊಟ್ವಿ” ಅನ್ನುತ್ತಾರೆ. ನನಗೆ ಗೊತ್ತಿರುವ ಒಂದು ಮನೆಗೆ ಹಾಗೆ ಒಬ್ಬರು ರಿಟರ್ನ್ ಮಾಡಿಕೊಟ್ಟರು. ಊರಿನಲ್ಲಿದ್ದ ಮಗನನ್ನು ಇಲ್ಲೇ ಇದ್ದಾನೆಂದು ಬರೆದರು, ಫೀಸು ತೆಗೆದುಕೊಂಡರು, ರಿಟರ್ನಿಗೆ ಸಹಿ ಹಾಕಲಿಲ್ಲ. ಹದಿನಾಲ್ಕು ತಿಂಗಳ ಮೇಲೆ ಐಆರ್‌ಎಸ್ ಪತ್ರ ಬಂತು. ಹಣವನ್ನು ಬಡ್ಡಿ ಸಮೇತ ವಾಪಸ್ ಕಟ್ಟಿದರು. ಆ ಫೋನ್ ನಂಬರ್ ಆಗಲೇ ಸತ್ತುಹೋಗಿತ್ತು.

ನಿಯಮ ಕಡೆಗಣಿಸಿ ತಪ್ಪು ಮಾಡಿದರೆ ಎರಡು ವರ್ಷ, ಮೋಸ ಮಾಡಿದರೆ ಹತ್ತು ವರ್ಷ ಇಐಟಿಸಿ ಕೇಳುವಂತಿಲ್ಲ. ರಿಟರ್ನ್ ಯಾರೇ ತುಂಬಲಿ, ಉತ್ತರ ಕೊಡಬೇಕಾದವರು ನೀವು. ದುಡ್ಡು ತಗೊಂಡು ಮಾಡಿಕೊಡುವವರು ಸಹಿ ಹಾಕಬೇಕು, ರಿಟರ್ನ್ ತುಂಬಿಕೊಡುವವರಿಗೆ ಐಆರ್‌ಎಸ್ ಕೊಡುವ ಪಿಟಿನ್ ನಂಬರ್ ಬರೆಯಬೇಕು. ಅದಕ್ಕೆ ಒಪ್ಪದಿದ್ದರೆ ಎದ್ದು ಬನ್ನಿ.

ಹಣ ಯಾವಾಗ ಬರುತ್ತದೆ?

ಜನವರಿಯಲ್ಲೇ ಹಾಕಿದರೂ ಫೆಬ್ರವರಿ ಮಧ್ಯದವರೆಗೆ ಕಾಯಲೇಬೇಕು. ಇಐಟಿಸಿ ಇರುವ ರೀಫಂಡನ್ನು ಅದಕ್ಕಿಂತ ಮೊದಲು ಬಿಡುವಂತಿಲ್ಲ ಎಂದು 2015ರ ಕಾನೂನು ಹೇಳುತ್ತದೆ. ತಡೆಯುವುದು ಪೂರ್ತಿ ರೀಫಂಡನ್ನು, ಇಐಟಿಸಿ ಭಾಗವನ್ನಷ್ಟೇ ಅಲ್ಲ. ಆನ್‌ಲೈನ್ ಸಲ್ಲಿಸಿ, ಬ್ಯಾಂಕ್ ಖಾತೆ ಕೊಟ್ಟಿದ್ದರೆ ಹೆಚ್ಚಿನವರಿಗೆ ಮಾರ್ಚ್ ಮೊದಲ ವಾರದ ಹೊತ್ತಿಗೆ ಬರುತ್ತದೆ. ಅಲ್ಲಿಯವರೆಗೆ ರೀಫಂಡ್ ಮೇಲೆ ಸಾಲ ಕೊಡುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ.

ಹಿಂದಿನ ವರ್ಷಗಳಲ್ಲಿ ಕೇಳಿರಲಿಲ್ಲ. ಈಗ ಕೇಳಬಹುದಾ?

ಮೂರು ವರ್ಷದ ಹಿಂದಿನವರೆಗೆ ಕೇಳಬಹುದು. 2022ರ ಆದಾಯದ ರಿಟರ್ನಿಗೆ 2026ರ ಏಪ್ರಿಲ್ 15 ಕೊನೆ. ರಿಟರ್ನ್ ಹಾಕಿಯೇ ಇಲ್ಲದಿದ್ದರೆ ಆ ವರ್ಷದ 1040 ಹಾಕಿ. ಹಾಕಿ ಇಐಟಿಸಿ ಬಿಟ್ಟಿದ್ದರೆ ತಿದ್ದುಪಡಿಯ ಫಾರ್ಮ್ 1040-ಎಕ್ಸ್. ಪ್ಲಾಸ್ಟಿಕ್ ಕವರಿನವರಿಗೆ ಬಿಟ್ಟುಹೋದ ಎರಡೂ ವರ್ಷದ ಹಣ ಹೀಗೇ ಸಿಕ್ಕಿತು.

ಐಆರ್‌ಎಸ್‌ನಿಂದ ಪತ್ರ ಬಂದಿದೆ. ಭಯ ಆಗುತ್ತಿದೆ.

ಮೊದಲು ಬಲಗಡೆ ಮೂಲೆಯಲ್ಲಿರುವ ನಂಬರ್ ನೋಡಿ. ಸಿಪಿ09 ಅಥವಾ ಸಿಪಿ27 ಅಂತಿದ್ದರೆ ಅದು ಸಿಹಿ ಸುದ್ದಿ. “ನಿಮಗೆ ಇಐಟಿಸಿ ಸಿಗಬಹುದು, ನೀವು ಕೇಳಿಲ್ಲ” ಅಂತ ಅವರೇ ನೆನಪಿಸುತ್ತಿದ್ದಾರೆ. ಜೊತೆಗಿರುವ ಹಾಳೆ ತುಂಬಿ ಕಳಿಸಿ.

ಸಿಪಿ75 ಅಂತಿದ್ದರೆ ಪುರಾವೆ ಕೇಳುತ್ತಿದ್ದಾರೆ. ಮಗು ನಿಮ್ಮ ವಿಳಾಸದಲ್ಲೇ ಇತ್ತು ಅಂತ ಶಾಲೆಯ ಪತ್ರ, ಮಕ್ಕಳ ಡಾಕ್ಟರ ಪತ್ರ, ಮನೆ ಮಾಲೀಕರ ಪತ್ರ ಬೇಕು. ಪ್ರತಿಯೊಂದರಲ್ಲೂ ಮಗುವಿನ ಹೆಸರು, ವಿಳಾಸ, ತಾರೀಖು ಇರಲಿ. ಪತ್ರದಲ್ಲಿ ಕೊಟ್ಟ ದಿನದೊಳಗೆ ನಕಲು ಕಳಿಸಿ, ಮೂಲ ನಿಮ್ಮ ಹತ್ತಿರವೇ ಇರಲಿ. ಲಕೋಟೆಯನ್ನು ಒಡೆಯದೆ ಫ್ರಿಜ್ ಮೇಲೆ ಇಟ್ಟು ಎರಡು ತಿಂಗಳ ನಂತರ ತಂದವರಿದ್ದಾರೆ. ಒಡೆಯಲು ಧೈರ್ಯ ಬರದಿದ್ದರೆ ಹಾಗೇ ತನ್ನಿ, ಒಟ್ಟಿಗೆ ಒಡೆದು ಓದೋಣ.